ಗುಡ್ಡಕ್ಕೆ ಆಕಸ್ಮಿಕವಿಲ್ಲ

ನಾನು ಆರನೆಯ ಇಯತ್ತೆಯಲ್ಲಿದ್ದ ಬೇಸಿಗೆಯಲ್ಲಿ ನಮ್ಮ ಹಿತ್ತಲಿನಲ್ಲಿ ಬಾವಿ ತೋಡಿದರು. ಮೊದಲು ಪಿಕಾಸಿಗೆ ಸಿಕ್ಕಿದ್ದು ಚಿರೇಕಲ್ಲು. ಕೆಂಪಗೆ, ಮೈತುಂಬ ತೂತು, ಮುಟ್ಟಿದರೆ ಬೆರಳಿಗೆ ಬಣ್ಣ ಮೆತ್ತಿಕೊಳ್ಳುವ ಕಲ್ಲು. ಒಂದೂವರೆ ಆಳು ಇಳಿದ ಮೇಲೆ ಪಿಕಾಸಿಯ ಸದ್ದೇ ಬದಲಾಯಿತು. ಟಣ್ ಎನ್ನುತ್ತಿದ್ದುದು ಥಪ್ ಎನ್ನತೊಡಗಿತು. ಬುಟ್ಟಿಯಲ್ಲಿ ಮೇಲೆ ಬಂದದ್ದು ಶೇಡಿ ಮಣ್ಣು: ಬಿಳಿ, ನಡುವೆ ಹಳದಿ, ಅಲ್ಲಲ್ಲಿ ಗುಲಾಬಿ. ಹಿಡಿದು ಅಮುಕಿದರೆ ಬೆಣ್ಣೆಯ ಹಾಗೆ. ಬಾವಿ ತೋಡುತ್ತಿದ್ದ ಮುದುಕ ಮೇಲೆ ಹತ್ತಿ ಬಂದು ಅಪ್ಪನಿಗೆ ಹೇಳಿದ್ದು ಇನ್ನೂ ನೆನಪಿದೆ: "ಒಡೆಯಾ, ಮಿರ್ಗದ ಮಳೆ ಬೀಳೂದ್ರೊಳಗೆ ಇದಕ್ಕೆ ಕಲ್ಲು ಕಟ್ಟಿ ಮುಗಿಸ್ಬೇಕು. ಶೇಡಿ ನೀರು ಕುಡೀತು ಅಂದ್ರೆ ಆಮೇಲೆ ಅದು ಮಣ್ಣೂ ಅಲ್ಲ, ನೀರೂ ಅಲ್ಲ." ಶೇಡಿಯ ಕೆಳಗೆ, ನೀರು ಸಿಗುವ ಹೊತ್ತಿಗೆ, ಗಟ್ಟಿ ಬಂಡೆ ಬಂತು.

ಮೂರು ಬೇರೆ ಬೇರೆ ವಸ್ತುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ ಎಂದೇ ಆಗ ತಿಳಿದಿದ್ದೆ. ಅದು ಒಂದೇ ಬಂಡೆ, ಮೂರು ವಯಸ್ಸಿನಲ್ಲಿ ನಿಂತಿದೆ ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ಮಳೆಹನಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ನೆಲಕ್ಕೆ ಬೀಳುತ್ತದೆ. ಮಣ್ಣಿನೊಳಗೆ ಹಾಯುವಾಗ ಇನ್ನಷ್ಟು ಸೇರಿಸಿಕೊಳ್ಳುತ್ತದೆ. ಹಾಗಾದ ನೀರು ತೀರ ಸೌಮ್ಯವಾದ ಒಂದು ಆಮ್ಲ. ಅದು ಬಿರುಕುಗಳಲ್ಲಿ ಇಳಿದು ಬಂಡೆಯ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಜೇಡಿಯಾಗಿಸುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಸುಣ್ಣದ ಅಂಶ, ಕೊನೆಗೆ ಸಿಲಿಕಾ ಕೂಡ ಕರಗಿ ಹಳ್ಳ ಸೇರುತ್ತವೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಬೇಸಿಗೆಯ ಕಾವು, ಮಳೆಗಾಲದ ತೇವ, ಮತ್ತೆ ಕಾವು, ಹೀಗೆ ಲಕ್ಷಾಂತರ ವರ್ಷ ನಡೆದು ಮೇಲ್ಪದರ ತುಕ್ಕು ಹಿಡಿದ ಕಲ್ಲಾಗುತ್ತದೆ. ಅದೇ ಚಿರೇಕಲ್ಲು. ನಡುವೆ ಅರ್ಧ ದಾರಿಯಲ್ಲಿರುವುದು ಶೇಡಿ. ಹೊಸದಾಗಿ ಕಡಿದ ಶೇಡಿಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಎಷ್ಟೋ ಕಡೆ ಮೂಲ ಬಂಡೆಯ ಗೆರೆಗಳು ಹಾಗೆ ಹಾಗೆಯೇ ಕಾಣುತ್ತವೆ. ಆಕಾರ ಬಂಡೆಯದು, ಬಲ ಮಾತ್ರ ಹೋಗಿದೆ.

ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಬಳಿ ಈ ಚಿರೇಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಮಲೆನಾಡಿನವರು ಇದನ್ನೇ ಜಂಬಿಟ್ಟಿಗೆ ಎನ್ನುತ್ತಾರೆ. ಅವರ ಮಾತಿನಲ್ಲೂ ಇಟ್ಟಿಗೆ ಇದೆ. ನೆಲದಲ್ಲಿದ್ದಾಗ ಕತ್ತಿಗೆ ಬಗ್ಗುವಷ್ಟು ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಅದರ ಗುಣವನ್ನು ಕಂಡ ಯಾರಿಗಾದರೂ ಆ ಹೆಸರೇ ಹೊಳೆಯುತ್ತದೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ನೆಲ ಸ್ಥಿರ, ಅದರ ಮೇಲೆ ನಡೆಯುವುದೆಲ್ಲ ಚರ ಎಂಬ ನಂಬಿಕೆ ನಮ್ಮ ಭಾಷೆಯೊಳಗೇ ಕೂತಿದೆ. ಬೆಟ್ಟಕ್ಕೆ ಅಚಲ ಎಂದು ಹೆಸರು. ಗಟ್ಟಿ ಮನಸ್ಸಿನವರು ಬಂಡೆಯಂತೆ ನಿಲ್ಲುತ್ತಾರೆ. ರಾಜರು ದತ್ತಿ ಬಿಟ್ಟಾಗ ಆಚಂದ್ರಾರ್ಕವಾಗಿ, ಸೂರ್ಯಚಂದ್ರರಿರುವ ತನಕ ನಡೆಯಲಿ ಎಂದು ಬರೆಸಿದ್ದು ಕಲ್ಲಿನ ಮೇಲೆ. ಮಳೆಯೂರುಗಳಲ್ಲಿ ಬಯಲಿಗೆ ಬಿದ್ದಿರುವ ಶಾಸನಗಳನ್ನು ಓದಲು ಹೋದವರಿಗೆ ಗೊತ್ತು, ಸಾವಿರ ವರ್ಷ ತುಂಬುವ ಮೊದಲೇ ಎಷ್ಟು ಅಕ್ಷರ ಅಳಿಸಿಹೋಗಿವೆ ಎಂದು. ಈ ನಂಬಿಕೆ ಕಾವ್ಯದಲ್ಲಿದ್ದರೆ ಚಿಂತೆಯಿಲ್ಲ. ನಾವು ರಸ್ತೆ ಕಡಿಯುವಾಗ, ಮನೆ ಕಟ್ಟುವಾಗ, ಸತ್ತವರ ಲೆಕ್ಕ ಬರೆಯುವಾಗ ಅದು ಕೆಲಸ ಮಾಡುತ್ತದಲ್ಲ, ಅಲ್ಲಿ ನನ್ನ ತಕರಾರು.

ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ಸಂಜೆ ಗಾಳಿಗೆ ಕೂತವರೆಷ್ಟೋ ಮಂದಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆ ಬಗೆಯ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರನ್ನು ಕೊಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್, 1916ರಲ್ಲಿ. ನಾವು ಅದನ್ನು ಅಚಲಕ್ಕೆ ಸಾಕ್ಷಿ ಎನ್ನುತ್ತೇವೆ. ಆದರೆ ಬಗ್ಗಿ ಅದರ ಮೈ ನೋಡಿ. ಕಪ್ಪು ಬಿಳಿ ಪಟ್ಟಿಗಳು ಹಿಟ್ಟು ನಾದಿದಂತೆ ಮಡಚಿಕೊಂಡಿವೆ, ತಿರುಚಿಕೊಂಡಿವೆ. ಕಲ್ಲು ಹಾಗೆ ಬಗ್ಗಬೇಕಾದರೆ ಹಲವು ಕಿಲೋಮೀಟರ್ ಆಳದ ಶಾಖ ಮತ್ತು ಒತ್ತಡ ಬೇಕು. ಎಂದರೆ ನಾವು ಕೂತಿರುವುದು ಒಂದು ಕಾಲದ ಪಾತಾಳದಲ್ಲಿ. ಅದರ ಮೇಲಿದ್ದ ಅಷ್ಟೂ ದಪ್ಪದ ನೆಲ ಎಲ್ಲಿ ಹೋಯಿತು? ಮಳೆಯಲ್ಲಿ ಕರಗಿ, ಮರಳಾಗಿ, ಕೆಸರಾಗಿ ಹರಿದುಹೋಯಿತು. ಇಲ್ಲದಿರುವ ಆ ಬೆಟ್ಟವನ್ನು ನೆನೆದಾಗ ಮಾತ್ರ ಇರುವ ಈ ಬಂಡೆ ಅರ್ಥವಾಗುತ್ತದೆ. ಕಲ್ಲನ್ನು ವಸ್ತು ಎನ್ನುವುದಕ್ಕಿಂತ ನಡೆಯುತ್ತಿರುವ ಘಟನೆ ಎನ್ನುವುದು ಹೆಚ್ಚು ಸರಿ.

ಮಳೆ ಬೇರೆ, ಬೆಟ್ಟ ಬೇರೆ ಎಂಬುದೂ ಹೀಗೆಯೇ ನಿಲ್ಲುವುದಿಲ್ಲ. ಅರಬ್ಬೀ ಸಮುದ್ರದ ಒದ್ದೆ ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಾಗ ಹಿಡಿದಿಟ್ಟ ನೀರನ್ನು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಘಟ್ಟ ದಾಟಿ 200 ಕಿಲೋಮೀಟರ್ ಆಚೆಯ ಚಳ್ಳಕೆರೆಯಲ್ಲಿ 500ರ ಆಸುಪಾಸು. ಬೆಟ್ಟ ಇರುವುದರಿಂದ ಆ ಮಳೆ, ಆ ಮಳೆಯಿಂದ ಕಣಿವೆ, ಕಣಿವೆಯಿಂದ ಬೆಟ್ಟದ ಈಗಿನ ರೂಪ. ಯಾವುದು ಕಾರಣ, ಯಾವುದು ಕಾರ್ಯ ಎಂದು ಗೆರೆ ಎಳೆಯಲು ಹೋದರೆ ಕೈ ಸೋಲುತ್ತದೆ.

ಇದನ್ನೆಲ್ಲ ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಒಂದು, "300 ಕೋಟಿ ವರ್ಷದ ಮುಂದೆ ನಾವೆಷ್ಟರವರು?" ಕೇಳಲು ವಿನಯದಂತಿರುವ ಮಾತು. ಆದರೆ ಬಾಳಿಕೆಯ ಉದ್ದವೇ ಬೆಲೆಯ ಅಳತೆ ಎಂದು ಯಾರು ಹೇಳಿದರು? ಹಾಗಾದರೆ ಹಸುಗೂಸಿಗಿಂತ ಬೀಸುವ ಕಲ್ಲು ದೊಡ್ಡದಾಗಬೇಕು. ಈ ವಿನಯಕ್ಕೆ ಇನ್ನೊಂದು ಮುಖವೂ ಇದೆ: ಏನೂ ಅಲ್ಲದವನು ಯಾವುದಕ್ಕೂ ಹೊಣೆಗಾರನಲ್ಲ. ನಾವು ಅಲ್ಪರು ಎಂದು ಹೇಳಿಕೊಂಡೇ ಒಂದು ಗುಡ್ಡವನ್ನು ವಾರದೊಳಗೆ ಜೆಲ್ಲಿಕಲ್ಲು ಮಾಡಬಲ್ಲೆವು.

ಎರಡನೆಯದು ಹೆಚ್ಚು ಬಲವಾದ ಮಾತು. "ನೀವೇ ಹೇಳಿದಿರಿ, ಬೆಟ್ಟ ಹೇಗೂ ಕರಗುತ್ತದೆ. ನಿಸರ್ಗ ನಿಧಾನವಾಗಿ ಮಾಡುವುದನ್ನು ಜೆಸಿಬಿ ಬೇಗ ಮಾಡಿದರೆ ತಪ್ಪೇನು?" ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಸ್ಕಾಟ್ಲೆಂಡಿನ ಜೇಮ್ಸ್ ಹಟನ್. ಆಧುನಿಕ ಭೂವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯನಾದ ಈತ ಬೇಸಾಯ ಮಾಡಿದವನು. ಮಳೆಗೆ ಹೊಲದ ಮಣ್ಣು ಕೊಚ್ಚಿಹೋಗುವುದನ್ನು ವರ್ಷವರ್ಷವೂ ನೋಡಿದ. ಹೋಗುವುದಷ್ಟೇ ಆಗಿದ್ದರೆ ಭೂಮಿಯ ಮೇಲೆ ಇಷ್ಟರಲ್ಲಿ ಮಣ್ಣೇ ಉಳಿಯುತ್ತಿರಲಿಲ್ಲ. ಆದ್ದರಿಂದ ಹೊಸ ನೆಲ ಹುಟ್ಟುತ್ತಲೂ ಇರಬೇಕು ಎಂದು ತರ್ಕಿಸಿದ. 1788ರಲ್ಲಿ ಗೆಳೆಯರೊಂದಿಗೆ ದೋಣಿಯಲ್ಲಿ ಹೋಗಿ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ ಅದಕ್ಕೆ ಸಾಕ್ಷಿಯನ್ನೂ ಕಂಡ: ನೆಟ್ಟಗೆ ಎದ್ದು ನಿಂತ ಹಳೆಯ ಪದರಗಳು ಸವೆದು, ಅವುಗಳ ಮೇಲೆ ಹೊಸ ಪದರಗಳು ಓರೆಯಾಗಿ ಕೂತಿದ್ದವು. ಸವೆತ ಮತ್ತು ಹುಟ್ಟು ಎರಡೂ ಕೂಡಿದ ಲೆಕ್ಕ ಅದು. ಇಲ್ಲಿ ಮುಖ್ಯವಾದದ್ದು ಎರಡರ ನಡುವಿನ ಲಯ. ಬಂಡೆ ನಿಧಾನವಾಗಿ ಕೊಳೆತಾಗ ಜೇಡಿಯಾಗುತ್ತದೆ, ಕರಗದ ಸ್ಫಟಿಕದ ಕಣ ಮರಳಾಗುತ್ತದೆ, ಎಲೆ ಬೇರು ಹುಳ ಸೇರಿ ಮಣ್ಣಾಗುತ್ತದೆ. ಒಂದು ಅಂಗುಲ ಮೇಲ್ಮಣ್ಣಿಗೆ ನೂರಾರು ವರ್ಷ. ಅದೇ ಬಂಡೆ ಒಂದೇ ದಿನದಲ್ಲಿ ಪುಡಿಯಾದರೆ ಸಿಗುವುದು ಪುಡಿ, ಮಣ್ಣಲ್ಲ. ವೇಗ ಬದಲಾದಾಗ ಕೆಲಸವೇ ಬೇರೆಯಾಗಿಬಿಡುತ್ತದೆ. ಅನ್ನ ಬೇಯಿಸುವ ಉರಿಗೂ ಮನೆ ಸುಡುವ ಉರಿಗೂ ಇರುವ ವ್ಯತ್ಯಾಸದ ಹಾಗೆ. ನನ್ನ ಮನೆಯೂ ಕಲ್ಲಿನದೇ. ಲಾಲ್‌ಬಾಗಿನಲ್ಲಿ ಸ್ಮೀತ್ ಕಂಡ ಶಿಲೆ ಕೂಡ ಹಳೆಯ ಕಲ್ಲುಗಣಿಯಲ್ಲಿ ಬಯಲಾದದ್ದು. ಕಲ್ಲು ಕೀಳಲೇಬಾರದು ಎಂಬ ವಾದ ನನ್ನದಲ್ಲ. ಕೀಳುವವನು ತಾನು ಯಾವ ಲಯದೊಳಗೆ ಕೈ ಹಾಕಿದ್ದೇನೆ ಎಂದು ತಿಳಿದಿರಬೇಕು ಎನ್ನುತ್ತಿದ್ದೇನೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆಯಂಚಿನ ಹೋಟೆಲು, ಅಲ್ಲಿ ಚಹಾ ಕುಡಿಯಲು ನಿಂತವರು, ವಾಹನಗಳು ಗಂಗಾವಳಿ ಹೊಳೆಗೆ ಹೋದವು. ಮಣ್ಣು ಬಿದ್ದ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಒಂದು ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಎಲ್ಲೆಡೆ ಕೇಳಿದ ಶಬ್ದಗಳು ಎರಡು: ಆಕಸ್ಮಿಕ, ನಿಸರ್ಗ ವಿಕೋಪ. ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದು ಹಲವು ಮಳೆಗಾಲ ಕಳೆದಿದ್ದವು.

ನಮ್ಮ ದರ್ಶನಗಳು ಕಾರಣವನ್ನು ಉಪಾದಾನ, ನಿಮಿತ್ತ ಎಂದು ಬಿಡಿಸುತ್ತವೆ. ಮಡಕೆಗೆ ಮಣ್ಣು ಉಪಾದಾನ, ಕುಂಬಾರ ನಿಮಿತ್ತ. ಗುಡ್ಡ ಕುಸಿದಾಗ "ಮಳೆ ನಿಮಿತ್ತವಾಯಿತು" ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಆ ಹಳೆಯ ಉದಾಹರಣೆಯಲ್ಲಿ ನಿಮಿತ್ತನಾದ ಕುಂಬಾರ ತಿಳಿದವನು, ಬಯಸಿ ಮಾಡುವವನು. ಮಳೆಗೆ ತಿಳಿವಿಲ್ಲ, ಬಯಕೆಯಿಲ್ಲ. ಅದು ಸಹ್ಯಾದ್ರಿ ಎದ್ದಾಗಿನಿಂದ ಬೀಳುತ್ತಲೇ ಇದೆ. ಇಳಿಜಾರಿನ ಮಣ್ಣು ತಾನು ತಾಳಬಲ್ಲ ಕೋನವನ್ನು ಸಾವಿರಾರು ಮಳೆಗಾಲಗಳಲ್ಲಿ ತಾನೇ ಕಂಡುಕೊಂಡಿರುತ್ತದೆ. ಬುಡ ಕಡಿದು ಅದನ್ನು ಗೋಡೆಯಂತೆ ನಿಲ್ಲಿಸಿದರೆ, ನೀರು ಒಳಗಿಳಿದು ಕಣಕಣಗಳ ನಡುವಿನ ಹಿಡಿತ ಸಡಿಲಿಸಿದರೆ, ಅದು ಹಳೆಯ ಕೋನಕ್ಕೆ ಮರಳುತ್ತದೆ. ಗುಡ್ಡದ ಕಡೆಯಿಂದ ನೋಡಿದರೆ ಅಲ್ಲಿ ಆಕಸ್ಮಿಕವಾದದ್ದು ಯಾವುದೂ ಇಲ್ಲ. ಇಡೀ ಪ್ರಸಂಗದಲ್ಲಿ ತಿಳಿಯಬಲ್ಲವರು, ಬೇರೆ ರೀತಿ ಮಾಡಬಹುದಾಗಿದ್ದವರು, ಮನುಷ್ಯರು ಮಾತ್ರ. ನಿಮಿತ್ತ ಎಂಬ ಪದ ಅವರಿಗೆ ಸಲ್ಲಬೇಕು. ಮಳೆಗೆ ಅದನ್ನು ಕೊಟ್ಟ ಕೂಡಲೇ ಹೊಣೆ ಹೊಳೆಯಲ್ಲಿ ತೇಲಿಹೋಗುತ್ತದೆ.

ಗುಡ್ಡ ಯಾವತ್ತು, ಯಾವ ಗಳಿಗೆಗೆ ಬೀಳುತ್ತದೆಂದು ಯಾರೂ ಹೇಳಲಾರರು, ನಿಜ. ಗಳಿಗೆ ತಿಳಿಯದಿದ್ದರೂ ದಿಕ್ಕು ತಿಳಿದಿತ್ತು. ನಮ್ಮ ಬಾವಿಯ ಮುದುಕನಿಗೆ ಭೂವಿಜ್ಞಾನದ ಪುಸ್ತಕ ಗೊತ್ತಿರಲಿಲ್ಲ. ಶೇಡಿ ಕಂಡ ದಿನವೇ ಮಿರ್ಗದ ಮಳೆಗೆ ಎಷ್ಟು ವಾರ ಉಳಿದಿದೆ ಎಂದು ಎಣಿಸಿದ್ದ. ಅಪ್ಪ ಸಾಲ ಮಾಡಿ ಕಲ್ಲು ತರಿಸಿದರು, ಮಳೆಗೆ ನಾಲ್ಕು ದಿನ ಮೊದಲು ಕಟ್ಟಿ ಮುಗಿಯಿತು. ಆ ಬಾವಿಯ ನೀರನ್ನು ಇವತ್ತಿಗೂ ಕುಡಿಯುತ್ತಿದ್ದೇವೆ.

ಕರಾವಳಿಯಲ್ಲೋ ಘಟ್ಟದಲ್ಲೋ ಇರುವವರು ನೀವಾದರೆ, ಈ ಸಲ ಮಳೆ ಹಿಡಿಯುವ ಮೊದಲು ನಿಮ್ಮೂರಿನ ದಾರಿಯಲ್ಲಿ ಹೊಸದಾಗಿ ಕಡಿದ ಗುಡ್ಡವನ್ನು ಒಮ್ಮೆ ನಿಂತು ನೋಡಿ. ಕೆಂಪಿನ ಕೆಳಗೆ ಬಿಳಿಯ ಪಟ್ಟಿ ಕಂಡರೆ ಅದು ಶೇಡಿ. ಅಲ್ಲಿಂದ ನೀರು ಒಸರುತ್ತಿದ್ದರೆ, ಮೇಲೆ ನೆತ್ತಿಯಲ್ಲಿ ಬಿರುಕು ಬಿಟ್ಟಿದ್ದರೆ, ಪಂಚಾಯತಿಗೆ ಬರೆದು ಕೊಡಿ, ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಅದರ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ, ನಿಲ್ಲಿಸಲು ಯಾರನ್ನೂ ಬಿಡಬೇಡಿ.