ಚಿತ್ರವೂ ನಿಷೇಧವೂ

1759ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಫ್ರಾನ್ಸಿನ ರಾಜಸಭೆಯು, ದಿದೆರೋ ಮತ್ತು ದಾಲಂಬೇರ್ ಎಂಬ ಇಬ್ಬರು ವಿದ್ವಾಂಸರ ಸಂಪಾದಕತ್ವದಲ್ಲಿ ಹೊರಬರುತ್ತಿದ್ದ ವಿಶ್ವಕೋಶದ ಮುದ್ರಣಾನುಮತಿಯನ್ನು ರದ್ದುಗೊಳಿಸಿತು. ಆ ವೇಳೆಗೆ ಏಳು ಸಂಪುಟಗಳು ಪ್ರಕಟವಾಗಿದ್ದವು. ಅವುಗಳೊಳಗಿನ ಬರಹ ಮತಧರ್ಮಕ್ಕೂ ಪ್ರಭುತ್ವಕ್ಕೂ ಕೇಡನ್ನು ತರತಕ್ಕದ್ದೆಂಬುದು ಆರೋಪ. ಚಂದಾದಾರರಿಗೆ ತಲಾ 72 ಲೀವ್ರ್ ಹಣವನ್ನು ಪ್ರಕಾಶಕರು ಹಿಂದಿರುಗಿಸಬೇಕೆಂದು ಜುಲೈಯಲ್ಲಿ ಮತ್ತೊಂದು ಆಜ್ಞೆ ಹೊರಟಿತು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದೇ ಪ್ರಕಾಶಕರಿಗೆ, ಶಾಸ್ತ್ರಗಳನ್ನೂ ಕಲೆಗಳನ್ನೂ ಕಸುಬುಗಳನ್ನೂ ನಿರೂಪಿಸುವ ಚಿತ್ರಫಲಕಗಳನ್ನು ಅಚ್ಚುಮಾಡಿ ಮಾರುವುದಕ್ಕೆ ಹೊಸ ಅನುಮತಿ ದೊರೆಯಿತು. ಹಿಂದಿರುಗಿಸಬೇಕಾಗಿದ್ದ ಹಣ ಸದ್ದಿಲ್ಲದೆ ಫಲಕಗಳ ಲೆಕ್ಕಕ್ಕೆ ಜಮೆಯಾಯಿತು. ಪುಸ್ತಕವ್ಯಾಪಾರದ ಮೇಲ್ವಿಚಾರಕನಾಗಿದ್ದ ಮಾಲ್ಸೆರ್ಬ್ ಎಂಬ ಉದಾರಾಶಯನ ಕೈ ಇದರಲ್ಲಿತ್ತು, ನಿಜ. ಆದರೂ ಯಾವ ನೆಪವನ್ನಾದರೂ ನಾಲ್ಕು ಜನ ಒಪ್ಪುವಂತಿದ್ದರೆ ತಾನೆ ಮುಂದಿಡಲು ಬರುವುದು? ಅಕ್ಷರ ಅಪಾಯಕರ, ಚಿತ್ರ ನಿರಪಾಯ ಎಂಬ ಭಾವನೆ ಆ ಕಾಲದ ಅಧಿಕಾರಿಗಳಿಗೆ ಸಹಜವಾಗಿ ತೋರಿದ್ದರಿಂದಲೇ ಆ ಉಪಾಯ ಫಲಿಸಿತು. ಅವರ ಈ ಭಾವನೆ ಸಾಧುವಾದದ್ದೇ ಎಂಬುದು ನನ್ನ ಮುಂದಿರುವ ಪ್ರಶ್ನೆ. ಅವರ ಉದ್ದೇಶವನ್ನು ಮೆಚ್ಚದಿದ್ದರೂ ಅವರ ಊಹೆಯಲ್ಲಿ ಬಹಳಮಟ್ಟಿಗೆ ಸತ್ಯವಿತ್ತೆಂದೇ ನಾನು ತಿಳಿದಿದ್ದೇನೆ.

ಮೊದಲು ಫಲಕಗಳ ಸ್ವರೂಪವನ್ನಿಷ್ಟು ನೋಡಬೇಕು. 1750ರಲ್ಲಿ ಹೊರಡಿಸಿದ ಪ್ರಕಟಣಪತ್ರದಲ್ಲಿ ಎರಡು ಸಂಪುಟಗಳಷ್ಟು, ಸುಮಾರು 600 ಫಲಕಗಳನ್ನು ಕೊಡುವೆವೆಂದು ವಾಗ್ದಾನವಿತ್ತು. ಕಡೆಗೆ 1762ರಿಂದ 1772ರವರೆಗೆ ಹೊರಬಂದವು ಹನ್ನೊಂದು ಸಂಪುಟಗಳು, ಅವುಗಳಲ್ಲಿ 2,500ಕ್ಕೂ ಮಿಕ್ಕಿದ ಫಲಕಗಳು. ಗಾಜು ಊದುವವನು, ಕಾಗದ ಎತ್ತುವವನು, ರೊಟ್ಟಿ ಸುಡುವವನು, ಟೋಪನ್ ಕೂದಲು ಹೆಣೆಯುವವನು, ಇಸ್ಪೀಟು ಎಲೆಗಳನ್ನು ಅಚ್ಚೊತ್ತುವವನು, ಪಿಟೀಲು ಕಟ್ಟುವವನು, ರಾಜನ ಅಶ್ವಾರೂಢ ವಿಗ್ರಹವನ್ನು ಎರಕ ಹೊಯ್ಯುವವನು, ಹೀಗೆ ಒಂದು ರಾಷ್ಟ್ರದ ದುಡಿಮೆಯೆಲ್ಲ ಅಲ್ಲಿ ಸಾಲಾಗಿ ಬಂದು ನಿಲ್ಲುತ್ತದೆ. ಬಹುಮಟ್ಟಿಗೆ ಪ್ರತಿಯೊಂದು ಕಸುಬಿನ ಮೊದಲ ಫಲಕಕ್ಕೂ ಎರಡು ಭಾಗ: ಮೇಲ್ಭಾಗದಲ್ಲಿ ಕಾರ್ಯಾಗಾರದ ದೃಶ್ಯ, ಅಲ್ಲಿ ಕೆಲಸಮಾಡುತ್ತಿರುವ ನಾಲ್ಕಾರು ಜನ, ಕೆಳಭಾಗದಲ್ಲಿ ಅವರ ಕೈಯೊಳಗಿನ ಉಪಕರಣಗಳೇ ಬಿಡಿಬಿಡಿಯಾಗಿ, ಅಳತೆಗೆ ತಕ್ಕಂತೆ, ಅಂಕೆ ಹಾಕಿಸಿಕೊಂಡು ಬಿಳಿಯ ಹಾಳೆಯ ಮೇಲೆ ಮಲಗಿರುತ್ತವೆ. ಅಂಚಿನಲ್ಲಿ ಚಿತ್ರ ಬರೆದವನ ಮತ್ತು ಕಂಡರಿಸಿದವನ ಹೆಸರುಗಳು. ಗೂಸಿಯೇ ಎಂಬಾತನ ಹೆಸರೂ ಬೆನಾರ್ ಎಂಬಾತನ ಹೆಸರೂ ಪುಟಪುಟಕ್ಕೂ ಎದುರಾಗುತ್ತವೆ. ದೃಶ್ಯದೊಳಗೆ ದುಡಿಯುತ್ತಿರುವವರ ಹೆಸರು ಎಲ್ಲಿಯೂ ಇಲ್ಲ.

ದಿದೆರೋ ಲಾಂಗ್ರ್ ಎಂಬ ಊರಿನ ಒಬ್ಬ ಚೂರಿ ಕತ್ತರಿ ಮಾಡುವ ಕಸುಬುದಾರನ ಮಗ. ಕುಲುಮೆಯ ಕಾವನ್ನೂ ಸಾಣೆಯ ಸದ್ದನ್ನೂ ಬಾಲ್ಯದಲ್ಲಿಯೇ ಅರಿತಿದ್ದ ಈ ಮನುಷ್ಯನಿಗೆ, ತರ್ಕವನ್ನೂ ವ್ಯಾಕರಣವನ್ನೂ ಶ್ರೇಷ್ಠವೆಂದು ಎಣಿಸಿ ಕೈಗೆಲಸವನ್ನು ಹೀನವೆಂದು ಬಗೆಯುವ ವಿದ್ವಜ್ಜನರ ಹಳೆಯ ಮಡಿವಂತಿಕೆ ಸಹಿಸಲಾಗದ್ದಾಗಿತ್ತು. ಕಸುಬುದಾರರ ಬಳಿಗೆ ಹೋಗಿ ಕೇಳಿದರೆ, ಸಾವಿರ ಮಂದಿಯಲ್ಲಿ ಹನ್ನೆರಡು ಜನ ಕೂಡ ತಮ್ಮ ಕೆಲಸವನ್ನು ಸ್ಪಷ್ಟವಾಗಿ ವಿವರಿಸಲಾರರೆಂದು ಆತ ಬರೆದ. ಆದುದರಿಂದಲೇ ಚಿತ್ರಗಳು ಬೇಕಾದವು. ವಸ್ತುವನ್ನೋ ಅದರ ಪ್ರತಿಕೃತಿಯನ್ನೋ ಒಮ್ಮೆ ನೋಡಿದರೆ ಪುಟಗಟ್ಟಲೆ ಮಾತಿಗಿಂತ ಹೆಚ್ಚು ತಿಳಿಯುವುದೆಂಬುದು ಆತನ ನಂಬಿಕೆ. ಈ ಪ್ರಯತ್ನದ ಹಿರಿಮೆಯನ್ನು ಕಡಿಮೆಮಾಡಿ ಹೇಳುವುದು ಅನ್ಯಾಯವಾದೀತು. ಕೋಟೆಕೊತ್ತಲಗಳಿಗೂ ಮನುಷ್ಯದೇಹದ ನರನಾಡಿಗಳಿಗೂ ಸಲ್ಲುತ್ತಿದ್ದ ನುಣುಪು ಕಂಡರಣೆ, ವಿಶಾಲವಾದ ಕಾಗದ, ಅಕ್ಷರಾಂಕಿತ ವಿವರಣೆ, ಇವೆಲ್ಲ ಬಡಗಿಯ ಉಳಿಗೂ ಸಂದವು. ರೆಯೋಮ್ಯೂರನ ನೇತೃತ್ವದಲ್ಲಿ ವಿಜ್ಞಾನ ಅಕಾಡೆಮಿಯವರು ಮಾಡಿಸಿದ್ದ ಚಿತ್ರಗಳನ್ನು ಇವರು ಕದ್ದರೆಂಬ ದೂರು 1759ರಲ್ಲಿಯೇ ಎದ್ದಿತು, ಅದರಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ಜಗಳ ವಿದ್ವಾಂಸರೊಳಗಿನದು. ಕಸುಬನ್ನು ಬರೆಯಿಸಿಕೊಂಡವರು ಯಾರೂ ದೂರು ಕೊಡಲಿಲ್ಲ. ಅವರನ್ನು ಕೇಳಿದವರೂ ಇಲ್ಲ.

ಒಂದು ಕಸುಬನ್ನು ಹತ್ತಿರದಿಂದ ನೋಡೋಣ. ತೀರ ಅಲ್ಪವಾದದ್ದನ್ನೇ, ಗುಂಡುಸೂಜಿಯನ್ನು. 1755ರಲ್ಲಿ ಹೊರಬಂದ ಐದನೆಯ ಸಂಪುಟದ ಲೇಖನ, ಒಂದು ಗುಂಡುಸೂಜಿ ಮಾರಾಟಕ್ಕೆ ಸಿದ್ಧವಾಗುವುದಕ್ಕೆ ಮೊದಲು ಹದಿನೆಂಟು ಕ್ರಿಯೆಗಳಿಗೆ ಒಳಗಾಗುತ್ತದೆಂದು ಹೇಳುತ್ತದೆ. ಹಿತ್ತಾಳೆಯ ತಂತಿಯನ್ನು ಎಳೆದು, ನೆಟ್ಟಗೆ ಮಾಡಿ, ತುಂಡರಿಸಿ, ತುದಿಯನ್ನು ಮೊನೆಮಾಡುತ್ತಾರೆ. ಸೂಜಿಯ ತಲೆಯದೇ ಒಂದು ಪ್ರತ್ಯೇಕ ಶಿಲ್ಪ: ಸಣ್ಣ ತಂತಿಯೊಂದನ್ನು ಸುರುಳಿಯಾಗಿ ಸುತ್ತಿ, ಎರಡೆರಡು ಸುತ್ತಿಗೆ ಒಂದರಂತೆ ಕತ್ತರಿಸಿ, ಬೆಂಕಿಯಲ್ಲಿ ಮೆದುಮಾಡಿ, ಸೂಜಿಯ ಮೈಗೆ ತೊಡಿಸಿ, ಕಾಲಿನಿಂದ ತುಳಿದು ಆಡಿಸುವ ಸುತ್ತಿಗೆಯ ಕೆಳಗಿಟ್ಟು ಹೊಡೆದಾಗ ಅದು ಅಲ್ಲಿ ನೆಲೆನಿಲ್ಲುತ್ತದೆ. ಕಡೆಗೆ ಹೆಂಗಸರು ಸಿದ್ಧವಾದ ಸೂಜಿಗಳನ್ನು ಕಾಗದಕ್ಕೆ ಸಾಲುಸಾಲಾಗಿ ಚುಚ್ಚುತ್ತಾರೆ. ಇದನ್ನೆಲ್ಲ ಫಲಕ ಎಷ್ಟು ನಿರ್ಮಲವಾಗಿ ತೋರಿಸುತ್ತದೆಂದರೆ, ಓದುಬರಹವಿಲ್ಲದವನು ಕೂಡ ನೋಡಿ ಕ್ರಿಯೆಯ ಸರಣಿಯನ್ನು ಗ್ರಹಿಸಬಲ್ಲನು. ಆದರೆ ಅಂಥವನ ಕೈಗೆ ಆ ಗ್ರಂಥ ಸೇರುವಂತಿರಲಿಲ್ಲ. ಚಂದಾದಾರನಿಗೆ ಇಡೀ ಗ್ರಂಥದ ವೆಚ್ಚ ಕಡೆಗೆ ಸುಮಾರು 980 ಲೀವ್ರ್‌ಗಳಾಯಿತು.

1776ರಲ್ಲಿ ಆಡಂ ಸ್ಮಿತ್ ತನ್ನ ಅರ್ಥಶಾಸ್ತ್ರಗ್ರಂಥವನ್ನು ಆರಂಭಿಸಿದ್ದು ಇದೇ ಗುಂಡುಸೂಜಿಯಿಂದ. ಹತ್ತು ಜನ ಕೆಲಸವನ್ನು ಹಂಚಿಕೊಂಡರೆ ದಿನಕ್ಕೆ 48,000 ಸೂಜಿಗಳಾಗುವುವೆಂಬ ಆತನ ಗಣನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅಲ್ಲಿಯೂ ಕ್ರಿಯೆಗಳು ಸುಮಾರು ಹದಿನೆಂಟೇ. ಆದರೆ ಅದೇ ಗ್ರಂಥದ ಐದನೆಯ ಭಾಗದಲ್ಲಿ ಅದೇ ಸ್ಮಿತ್, ಜೀವಮಾನವೆಲ್ಲ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುತ್ತಿರುವ ಮನುಷ್ಯನು ಮನುಷ್ಯಪ್ರಾಣಿ ಎಷ್ಟರಮಟ್ಟಿಗೆ ಮಂದನೂ ಅಜ್ಞನೂ ಆಗಲು ಸಾಧ್ಯವೋ ಅಷ್ಟರಮಟ್ಟಿಗೆ ಆಗಿಬಿಡುವನೆಂದು ಮರುಗುತ್ತಾನೆ. ಮಾತಿನಲ್ಲಿ ಬರೆಯುವವನಿಗೆ ಈ ಸೌಲಭ್ಯವುಂಟು: ಮೊದಲು ಹೊಗಳಿ, ಆಮೇಲೆ ‘ಆದರೆ’ ಎನ್ನಬಹುದು. ಫಲಕದಲ್ಲಿ ಸುತ್ತಿಗೆಯ ಮುಂದೆ ಕುಳಿತವನ ಭಂಗಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಆ ‘ಆದರೆ’ ಎಂಬುದು ಅಲ್ಲಿ ಒದಗುವುದಿಲ್ಲ.

ಗುಂಡುಸೂಜಿಯ ವಿಷಯದಲ್ಲಿ ಇದೊಂದು ಸಣ್ಣ ಕೊರತೆಯೆಂದು ಬಿಟ್ಟುಬಿಡಬಹುದು. ಸಕ್ಕರೆಯ ವಿಷಯದಲ್ಲಿ ಹಾಗೆ ಬಿಡಲಾಗದು. ಫಲಕಗಳ ಮೊದಲನೆಯ ಸಂಪುಟದಲ್ಲಿ, 1762ರಲ್ಲಿ, ಅಮೆರಿಕದ ದ್ವೀಪಗಳ ಸಕ್ಕರೆಯ ತಯಾರಿಕೆಯನ್ನು ಕುರಿತ ಚಿತ್ರಗಳಿವೆ. ಮರಗಳು, ಗುಡ್ಡ, ತೆರೆದ ಆಕಾಶ. ಅವುಗಳ ನಡುವೆ ಒಂದು ತೋಟ. ಕೆಳಗಿನ ವಿವರಣೆಯಲ್ಲಿ ಯಜಮಾನನ ಮನೆಗೊಂದು ಅಂಕೆ, ಗಾಣಕ್ಕೊಂದು ಅಂಕೆ, ಕರಿಯ ಗುಲಾಮರ ಗುಡಿಸಲ ಸಾಲಿಗೊಂದು ಅಂಕೆ, ಅಂಕೆಗಳಲ್ಲಿ ಮೇಲುಕೀಳಿಲ್ಲ. ಇನ್ನೊಂದರಲ್ಲಿ ನೆಟ್ಟಗೆ ನಿಂತ ಮೂರು ಉರುಳೆಗಳ ಗಾಣಕ್ಕೆ ಜಲ್ಲೆ ಕೊಡುವ ಕೆಲಸ ನಡೆದಿದೆ. ನಮ್ಮ ಆಲೆಮನೆಗಳನ್ನು ಕಂಡವರಿಗೆ ಗಾಣದ ಬಾಯಿಗೆ ಜಲ್ಲೆ ಕೊಡುವವನು ಎಷ್ಟು ಎಚ್ಚರವಾಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಚಿತ್ರದಲ್ಲಿ ಅಂಥ ಆತಂಕವೇನೂ ಕಾಣಿಸದು. ಎಲ್ಲರೂ ಒಂದು ಸಮಾಧಾನದ ಲಯದಲ್ಲಿ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಈ ಫಲಕ ಬರುವುದಕ್ಕೆ ಮೂರು ವರ್ಷ ಮೊದಲು, ಅದೇ 1759ರಲ್ಲಿ, ವೋಲ್ತೇರನ ‘ಕಾಂದೀದ್’ ಎಂಬ ಕಥೆ ಪ್ರಕಟವಾಗಿತ್ತು. ಅಲ್ಲಿ ಸುರಿನಾಮ್ ಸೀಮೆಯ ದಾರಿಯಲ್ಲಿ ಬಿದ್ದಿದ್ದ ಒಬ್ಬ ಗುಲಾಮನಿಗೆ ಒಂದು ಕೈಯೂ ಒಂದು ಕಾಲೂ ಇಲ್ಲ: ಗಾಣಕ್ಕೆ ಬೆರಳು ಸಿಕ್ಕಿಕೊಂಡರೆ ಕೈಯನ್ನು ಕಡಿಯುವರು, ಓಡಿಹೋಗಲು ಯತ್ನಿಸಿದರೆ ಕಾಲನ್ನು ಕಡಿಯುವರು, ಯೂರೋಪಿನವರು ಸಕ್ಕರೆ ತಿನ್ನುತ್ತಿರುವುದು ಈ ಬೆಲೆಗೆ ಎಂದು ಅವನು ಹೇಳುತ್ತಾನೆ. ವಿಶ್ವಕೋಶದ ಬರಹ ಕೂಡ ಸುಮ್ಮನಿರಲಿಲ್ಲ. ಅನುಮತಿ ರದ್ದಾಗಿದ್ದರೂ 1765ರಲ್ಲಿ ಬರಹದ ಉಳಿದ ಸಂಪುಟಗಳೆಲ್ಲ ಒಟ್ಟಿಗೆ ಹೊರಬಂದಾಗ, ಹದಿನಾರನೆಯದರಲ್ಲಿ ಜೋಕೂರ್ ಬರೆದ ಲೇಖನ ಗುಲಾಮರ ವ್ಯಾಪಾರವನ್ನು ಧರ್ಮಕ್ಕೂ ನೀತಿಗೂ ಮನುಷ್ಯಸಹಜವಾದ ಹಕ್ಕಿಗೂ ವಿರುದ್ಧವಾದದ್ದೆಂದು ಖಂಡಿಸಿತು. ಹೀಗೆ ಒಂದೇ ಗ್ರಂಥ ತನ್ನ ಬರಹದಲ್ಲಿ ಯಾವುದನ್ನು ಅಧರ್ಮವೆಂದು ಸಾರಿತೋ ಅದನ್ನೇ ತನ್ನ ಚಿತ್ರದಲ್ಲಿ ಒಂದು ಅಚ್ಚುಕಟ್ಟಾದ ಉದ್ಯಮವೆಂದು ತೋರಿಸಿತು.

ಚಿತ್ರಕಾರರು ಬೇಕೆಂದೇ ಮರೆಮಾಚಿದರೆ? ಕೆಲವರು ಮರೆಮಾಚಿರಲೂಬಹುದು, ಆದರೆ ನನಗೆ ತೋರುವಂತೆ ದೋಷ ವ್ಯಕ್ತಿಗಳಿಗಿಂತ ಆ ಮಾಧ್ಯಮಕ್ಕೇ ಹೆಚ್ಚಾಗಿ ಅಂಟಿದೆ. ಇಂಥ ಚಿತ್ರಕ್ಕೆ ವಿಧಿರೂಪವೊಂದೇ ಗೊತ್ತು: ಇದು ಇದೆ, ಅದರ ಪಕ್ಕದಲ್ಲಿ ಅದು ಇದೆ. ಇದು ಇರಬಾರದಾಗಿತ್ತು, ಇನ್ನೊಂದು ಇರಬೇಕಾಗಿತ್ತು ಎಂಬ ನಿಷೇಧವಾಕ್ಯವನ್ನು ಅದು ರಚಿಸಲಾರದು. ನಮ್ಮ ಪ್ರಾಚೀನ ತಾರ್ಕಿಕರು ಅಭಾವವನ್ನು ಕುರಿತು ನಡೆಸಿದ ಜಿಜ್ಞಾಸೆ ಇಲ್ಲಿ ನೆರವಿಗೆ ಬರುತ್ತದೆ. ನೆಲದ ಮೇಲೆ ಘಟವಿಲ್ಲವೆಂಬುದು ಹೇಗೆ ತಿಳಿಯುತ್ತದೆ? ಪ್ರತ್ಯಕ್ಷದಿಂದಲೇ ಎನ್ನುತ್ತಾರೆ ನೈಯಾಯಿಕರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಒಪ್ಪುತ್ತಾರೆ. ಆ ವಿವಾದ ಹೇಗಾದರೂ ಇರಲಿ. ಯಾವುದರ ಅಭಾವವೋ ಅದರ, ಎಂದರೆ ಪ್ರತಿಯೋಗಿಯ, ಅರಿವು ಮೊದಲೇ ಇಲ್ಲದವನಿಗೆ ಅಭಾವದ ಅರಿವೂ ಉಂಟಾಗದೆಂಬ ಮಾತಿನಲ್ಲಿ ಎರಡು ಪಕ್ಷಗಳಿಗೂ ಸಮ್ಮತಿಯಿದೆ. ಘಟವನ್ನೇ ಅರಿಯದವನು ಬರಿಯ ನೆಲವನ್ನು ಕಾಣುತ್ತಾನೆ, ಘಟವಿಲ್ಲದ ನೆಲವನ್ನು ಕಾಣುವುದಿಲ್ಲ. ಹಾಗೆಯೇ ಸಕ್ಕರೆಯ ಫಲಕವನ್ನು ನೋಡುತ್ತಿರುವ ಪ್ಯಾರಿಸಿನ ಚಂದಾದಾರನಿಗೆ ಚಾವಟಿಯ ಪರಿಚಯ ಮೊದಲೇ ಇದ್ದರೆ, ಚಿತ್ರದಲ್ಲಿ ಚಾವಟಿಯಿಲ್ಲವೆಂಬುದು ಅವನಿಗೆ ಕಾಣುತ್ತದೆ, ಆ ಸಮಾಧಾನ ಅವನನ್ನು ಅಣಕಿಸುತ್ತದೆ. ಪರಿಚಯವಿಲ್ಲದಿದ್ದರೆ ಅವನಿಗೆ ಕಾಣುವುದು ಗಾಣ, ಮರ, ಆಕಾಶ. ಆ ಪರಿಚಯವನ್ನು ಅವನಿಗೆ ಮಾಡಿಕೊಡಬಲ್ಲದ್ದು ಮಾತು, ಅಥವಾ ಸ್ವಂತ ಅನುಭವ. ಚಿತ್ರ ತನ್ನ ಲೋಪವನ್ನು ತಾನು ತೋರಿಸಿಕೊಡಲಾರದು. ಅಧಿಕಾರಿಗಳು ಬರಹವನ್ನು ತಡೆದು ಚಿತ್ರವನ್ನು ಬಿಟ್ಟರೆಂಬುದರ ಹಿಂದಿದ್ದ ಸಾಮಾನ್ಯಜ್ಞಾನ ಇದೇ. ಮುದ್ರಕನಾದ ಲ ಬ್ರತೋಂ ಕೂಡ ಭಯದಿಂದ, ದಿದೆರೋಗೆ ತಿಳಿಯದಂತೆ ಕತ್ತರಿಯಾಡಿಸಿದ್ದು ಲೇಖನಗಳ ಮೇಲೆಯೇ, 1764ರಲ್ಲಿ ಅದು ಬಯಲಾದಾಗ ದಿದೆರೋ ಪಟ್ಟ ಸಂಕಟ ಇಷ್ಟಿಷ್ಟಲ್ಲ.

ಇದಕ್ಕೆ ಬಲವಾದ ಒಂದು ಆಕ್ಷೇಪವುಂಟು. ಚಿತ್ರಕ್ಕೆ ಪ್ರತಿಭಟನೆ ಸಾಧ್ಯವಿಲ್ಲವೆನ್ನುವವರು ‘ಬ್ರೂಕ್ಸ್’ ಎಂಬ ಹಡಗಿನ ಚಿತ್ರವನ್ನು ಏನೆನ್ನುತ್ತಾರೆ? ಗುಲಾಮರನ್ನು ಸಾಗಿಸುತ್ತಿದ್ದ ಆ ಇಂಗ್ಲಿಷ್ ಹಡಗಿನ ನಕ್ಷೆಯನ್ನು ಗುಲಾಮ ವ್ಯಾಪಾರದ ವಿರೋಧಿಗಳು 1788ರ ಕೊನೆಯಲ್ಲಿ ಪ್ಲಿಮತ್ ನಗರದಲ್ಲಿಯೂ ಮರುವರ್ಷ ಲಂಡನಿನಲ್ಲಿಯೂ ಅಚ್ಚುಹಾಕಿಸಿ ಹಂಚಿದರು. ಅದೂ ಕೇವಲ ನಕ್ಷೆಯೇ. ಕೋಪವಿಲ್ಲ, ರಕ್ತವಿಲ್ಲ, ಚಾವಟಿಯಿಲ್ಲ. ಅಳತೆಗೆ ತಕ್ಕಂತೆ ಬರೆದ ಹಡಗಿನ ತಳ, ಅದರ ತುಂಬ ಸಾಲಾಗಿ ಒತ್ತಾಗಿ ಮಲಗಿಸಿದ ಮನುಷ್ಯಾಕೃತಿಗಳು. ಹೊಸ ಕಾಯಿದೆಯ ಪ್ರಕಾರ ಆ ಹಡಗಿನಲ್ಲಿ 454 ಜನರನ್ನು ಸಾಗಿಸಬಹುದಾಗಿತ್ತು. ನೋಡಿದವರು ನಡುಗಿದರು. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ, ಅದರಿಂದ ನನ್ನ ಮಾತಿಗೊಂದು ತಿದ್ದುಪಡಿ ಅವಶ್ಯವಾಗುತ್ತದೆ. ವಿಶ್ವಕೋಶದ ಫಲಕದಲ್ಲಿ ಉಪಕರಣ ಎಲ್ಲಿ ಮಲಗಿತ್ತೋ ಅಲ್ಲಿ ಮನುಷ್ಯನನ್ನೇ ಮಲಗಿಸಿದಾಗ, ಆ ನಿರುದ್ವಿಗ್ನವಾದ ಶೈಲಿಯೇ ಭಯಂಕರವಾಗುತ್ತದೆ. ಏಕೆಂದರೆ ಮನುಷ್ಯನಿಗೆ ಎಷ್ಟು ಜಾಗ ಬೇಕೆಂಬ ಪ್ರತಿಯೋಗಿಜ್ಞಾನ ಪ್ರತಿಯೊಬ್ಬ ನೋಡುಗನ ಮೈಯಲ್ಲಿಯೇ ಇದೆ. ಆದರೂ ಆ ಚಿತ್ರವನ್ನು ಪ್ರಕಟಿಸಿದವರು ಅದೊಂದನ್ನೇ ನೆಚ್ಚಲಿಲ್ಲವೆಂಬುದನ್ನು ಮರೆಯಬಾರದು. ಲಂಡನಿನ ಪ್ರತಿಯಲ್ಲಿ ಚಿತ್ರದ ಕೆಳಗೆ ಸಣ್ಣಕ್ಷರಗಳ ಉದ್ದುದ್ದನೆಯ ಅಂಕಣಗಳಿವೆ. ಒಬ್ಬೊಬ್ಬನಿಗೆ ಎಷ್ಟು ಅಡಿ ಎಷ್ಟು ಅಂಗುಲ ಎಂಬ ಲೆಕ್ಕವಿದೆ. ಅದೇ ನಕ್ಷೆಯನ್ನು ಬರಹವಿಲ್ಲದೆ ಹಡಗಿನ ವರ್ತಕನ ಕೈಗೆ ಕೊಟ್ಟಿದ್ದರೆ, ಸರಕನ್ನು ಹೇಗೆ ಜೋಡಿಸಬೇಕೆಂಬ ಮಾದರಿಯೆಂದೇ ಅವನು ಓದಿಕೊಳ್ಳುತ್ತಿದ್ದನು.

ನಮ್ಮ ನಾಡಿಗೂ ಈ ವಿಚಾರ ಸಂಬಂಧಿಸದೆ ಇಲ್ಲ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲೆಯಾಳ ಸೀಮೆಗಳನ್ನು ಸುತ್ತಿದನು. ಅವನ ದಿನಚರಿ 1807ರಲ್ಲಿ ಲಂಡನಿನಲ್ಲಿ ಮೂರು ಸಂಪುಟಗಳಾಗಿ, ನಮ್ಮ ರೈತರ ಬೇಸಾಯದ ಉಪಕರಣಗಳ ಕಂಡರಣೆಯ ಚಿತ್ರಗಳೊಡನೆ ಅಚ್ಚಾಯಿತು. ಆ ಚಿತ್ರಗಳು ರೈತನಿಗಾಗಿ ಬರೆದವಲ್ಲ. ಅವನಿಗೆ ತನ್ನ ನೇಗಿಲು ಗೊತ್ತು. ಅವು ಹೊಸದಾಗಿ ಕೈಸೇರಿದ ನಾಡಿನಿಂದ ಏನು ದೊರಕೀತೆಂದು ತಿಳಿಯಬಯಸಿದ ಕಂಪನಿಯವರಿಗಾಗಿ ಬರೆದವು. ಆದರೆ ಬುಕನನ್ನನ ಬರಹವನ್ನು ಜತೆಯಲ್ಲಿಟ್ಟುಕೊಂಡು ನೋಡುವವನಿಗೆ ಅಲ್ಲಿ ಆಳಿನ ಕೂಲಿ, ಬಿತ್ತನೆಯ ಬೀಜ, ಬೆಳೆಯ ಪಾಲು, ಸರ್ಕಾರದ ಕಂದಾಯ ಎಲ್ಲವೂ ದೊರೆಯುತ್ತವೆ, ಮತ್ತು ನೇಗಿಲ ಚಿತ್ರ ಹೇಳದೆ ಬಿಟ್ಟದ್ದು ತಿಳಿಯತೊಡಗುತ್ತದೆ.

ಈಗ ದಿದೆರೋನ ಫಲಕಗಳನ್ನು ಸಂಪುಟಗಳಿಂದ ಬಿಡಿಸಿ, ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುತ್ತಾರೆ; ಹಳೆಯ ಕಸುಬುಗಳ ಸೊಗಸಾದ ಚಿತ್ರಗಳೆಂದು ಪುಸ್ತಕಗಳಲ್ಲಿ ಮರುಮುದ್ರಿಸುತ್ತಾರೆ. ಅವು ಸೊಗಸಾಗಿವೆ, ನಾನೂ ಅವುಗಳನ್ನು ಬಹಳ ಹೊತ್ತು ನೋಡಿ ಸಂತೋಷಪಟ್ಟವನೇ. ಹಾಗೆ ಅಚ್ಚುಹಾಕುವವರಲ್ಲಿಯೂ, ನಮ್ಮ ಮಕ್ಕಳ ಪಠ್ಯಪುಸ್ತಕಗಳಿಗೆ ನೇಕಾರ ಕುಂಬಾರ ಕಮ್ಮಾರರ ಚಿತ್ರಗಳನ್ನು ಬರೆಯಿಸುವವರಲ್ಲಿಯೂ ನನ್ನದೊಂದು ವಿಜ್ಞಾಪನೆ: ಸಕ್ಕರೆಯ ಫಲಕವನ್ನು ಮುದ್ರಿಸುವಾಗ ಹದಿನಾರನೆಯ ಸಂಪುಟದ ಆ ಲೇಖನವನ್ನು ಎದುರುಪುಟದಲ್ಲಿ ಮುದ್ರಿಸಿರಿ, ಮಗ್ಗದ ಮುಂದೆ ಕುಳಿತವನ ಚಿತ್ರವನ್ನು ಕೊಡುವಾಗ, ಒಂದು ಸೀರೆಗೆ ಅವನಿಗೆಷ್ಟು ದಿನ ಹಿಡಿಯಿತು, ಎಷ್ಟು ಕೂಲಿ ಸಿಕ್ಕಿತು ಎಂಬುದನ್ನು ಅದರ ಕೆಳಗೆ ಎರಡು ಸಾಲಿನಲ್ಲಾದರೂ ಬರೆಯಿರಿ.