ಕುಂಬಾರನ ಕತ್ತೆ ಮತ್ತು ಸ್ಪ್ರೇಯರ್ ಎಂಜಿನ್ನು

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ದಾಳಿಂಬೆ ತೋಟಗಳಲ್ಲಿ ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪವರ್ ಸ್ಪ್ರೇಯರ್‌ ಇರುತ್ತದಲ್ಲ, ಅದರ ಸಣ್ಣ ಟೂ ಸ್ಟ್ರೋಕ್ ಎಂಜಿನ್ನಿಗೆ ಒಂದು ವಿಚಿತ್ರ ಕಾಯಿಲೆ ಬರುತ್ತದೆ. ಬೆಳಿಗ್ಗೆ ಎರಡೇ ಎಳೆತಕ್ಕೆ ಶುರುವಾಗುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಚೆನ್ನಾಗಿಯೇ ಓಡಿ, ಸಾಲಿನ ನಡುವೆ ಗೊರಗೊರ ಎಂದು ನಿಂತುಬಿಡುತ್ತದೆ. ಆಮೇಲೆ ಎಷ್ಟು ಹಗ್ಗ ಎಳೆದರೂ ಉಸಿರಿಲ್ಲ. ಬೇವಿನ ಮರದ ಕೆಳಗಿಟ್ಟು, ನೀರು ಕುಡಿದು, ಎಲೆಅಡಿಕೆ ಹಾಕಿಕೊಂಡು ಬಂದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹತ್ತಿಕೊಳ್ಳುತ್ತದೆ.

ಇದರಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ನೀವು ಕೇಳಬಹುದು. ಎಂಜಿನ್ ನಿಂತ ಕೂಡಲೇ ತೋಟದಲ್ಲಿ ಹುಟ್ಟುವ ಮೊದಲ ಮಾತನ್ನು ಗಮನಿಸಿ. ಅದು "ಯಾಕೆ ನಿಂತಿತು?" ಎಂದಲ್ಲ, "ಏನ್ ಮಾಡ್ದ್ಯೋ ಅದಕ್ಕೆ?" ಎಂದು. ಕಾರಣ ಹುಡುಕುವ ಮೊದಲೇ ಒಬ್ಬ ಮನುಷ್ಯ ಸಿಕ್ಕಿರುತ್ತಾನೆ. ಅವನು 20 ಲೀಟರ್ ಔಷಧಿ ನೀರನ್ನೂ ಅದರ ಜೊತೆಗೆ ಬಿಸಿಯಾಗಿ ಅದುರುವ ಎಂಜಿನ್ನನ್ನೂ ಬೆನ್ನ ಮೇಲೆ ಹೊತ್ತ ಕೂಲಿಯವನು.

ಆರೋಪ ಪೂರ್ತಿ ಹುಚ್ಚಿನದೇನಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು; ಯಂತ್ರಕ್ಕೆ ತಕ್ಕಂತೆ ಲೀಟರಿಗೆ 20ರಿಂದ 40 ಮಿ.ಲೀ. ಕಡಿಮೆಯಾದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ ಕಪ್ಪಗೆ ಒದ್ದೆಯಾಗಿ ಕಿಡಿ ಕೊಡುವುದಿಲ್ಲ. ಹಾಗಾಗಿ "ಎಣ್ಣೆ ಸರಿಯಾಗಿ ಬೆರೆಸಿಲ್ಲ" ಎನ್ನುವ ಮಾತಿಗೆ ಯಾವಾಗಲೂ ಒಂದು ನಂಬಬಹುದಾದ ಮುಖ ಇರುತ್ತದೆ. ಸ್ವಲ್ಪ ಮುಂದೆ ಹೋದರೆ ಅದು "ಎಣ್ಣೆ ಉಳಿಸಿಕೊಂಡಿದ್ದಾನೆ" ಎಂದೂ ಆಗುತ್ತದೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ತೈಲನಗರಿ ಎಂದು ಹೆಸರು ಪಡೆದ ಊರಿನಲ್ಲಿ, 30 ಮಿ.ಲೀ. ಎಣ್ಣೆಗಾಗಿ ಒಬ್ಬನ ಪ್ರಾಮಾಣಿಕತೆ ವಿಚಾರಣೆಗೆ ಬರುತ್ತದೆ.

ತಮಾಷೆ ಎಂದರೆ ಈ ಆರೋಪವನ್ನು ಪರೀಕ್ಷಿಸುವುದು ಕಷ್ಟವಲ್ಲ. ಎಣ್ಣೆ ಹೆಚ್ಚಾಗಿದ್ದರೆ ಪ್ಲಗ್ಗೇ ಹೇಳುತ್ತದೆ. ಕಡಿಮೆಯಾಗಿದ್ದರೆ ಸೈಲೆನ್ಸರ್ ಬಿಚ್ಚಿ ಹೊಗೆ ಹೋಗುವ ಕಿಂಡಿಯಲ್ಲಿ ಇಣುಕಿದರೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು ಕಾಣುತ್ತವೆ. ಪ್ಲಗ್ ಬಿಸ್ಕತ್ತಿನ ಬಣ್ಣಕ್ಕಿದ್ದು ಪಿಸ್ಟನ್ ನುಣುಪಾಗಿದ್ದರೆ ಆ ಮನುಷ್ಯನ ಮೇಲಿನ ದೂರು ನಿಲ್ಲುವುದಿಲ್ಲ. ಎರಡು ಬೋಲ್ಟು ಬಿಚ್ಚುವ ಕೆಲಸ. ಆದರೂ ಯಾರೂ ಬಿಚ್ಚುವುದಿಲ್ಲ, ಯಾಕೆಂದರೆ ಬೈದಾಗಲೇ ಕಾರಣ ಸಿಕ್ಕಿತೆಂಬ ಸಮಾಧಾನ ಬಂದಿರುತ್ತದೆ.

ಓಡಿ, ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವ ಈ ಕಾಯಿಲೆಗೆ ಸಾಮಾನ್ಯವಾಗಿ ಎರಡು ಮೂಲಗಳು. ಒಂದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಬರಲು ಇರುವ ಸಣ್ಣ ತೂತು ಧೂಳಿನಿಂದ ಕಟ್ಟಿಕೊಂಡಿರುವುದು. ಪೆಟ್ರೋಲ್ ಇಳಿದ ಹಾಗೆ ಗಾಳಿ ತುಂಬಿಕೊಳ್ಳದೆ ಒಳಗೆ ನಿರ್ವಾತವಾಗಿ, ಕಡೆಗೆ ಕಾರ್ಬೊರೇಟರಿಗೆ ಪೆಟ್ರೋಲೇ ಬರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ನಿಧಾನಕ್ಕೆ ಜಿನುಗಿ ಸರಿಹೋಗುತ್ತದೆ. ಇನ್ನೊಂದು, ಕಿಡಿ ಕೊಡುವ ಕಾಯಿಲ್ ಹಳತಾಗಿರುವುದು. ತಣ್ಣಗಿದ್ದಾಗ ಸರಿಯಿದ್ದು ಕಾದಾಗ ಕೈಕೊಡುತ್ತದೆ. ಹೊರಗಿನಿಂದ ಎರಡೂ ಒಂದೇ ಕಥೆ. ವ್ಯತ್ಯಾಸ ತಿಳಿಯುವುದು ಎಂಜಿನ್ ನಿಂತ ಆ ಎರಡು ನಿಮಿಷದಲ್ಲಿ ಮಾತ್ರ. ಕೆಳಗಿಟ್ಟು ಮುಚ್ಚಳ ಸ್ವಲ್ಪ ಸಡಿಲಿಸಿದಾಗ 'ಸ್ಸ್' ಎಂದು ಗಾಳಿ ನುಗ್ಗಿ, ಕೂಡಲೇ ಎಂಜಿನ್ ಹತ್ತಿಕೊಂಡರೆ ತಪ್ಪು ಮುಚ್ಚಳದ್ದು. ಹತ್ತದೆ, ಪ್ಲಗ್ಗಿನಲ್ಲಿ ಕಿಡಿಯೂ ಇಲ್ಲದಿದ್ದರೆ ಕಾಯಿಲಿನದು.

ಪೇಟೆಯ ಅಂಗಡಿಗೆ ತರುವಷ್ಟರಲ್ಲಿ ಯಂತ್ರ ತಣ್ಣಗಾಗಿರುತ್ತದೆ, ಟ್ಯಾಂಕಿಗೆ ಗಾಳಿಯೂ ಬಂದಿರುತ್ತದೆ. ಮೆಕ್ಯಾನಿಕ್ ಎದುರು ಅದು ಹಾಡಿಕೊಂಡು ಓಡುತ್ತದೆ. ಆತ ಹೊಸ ಪ್ಲಗ್ ಹಾಕಿ, ಕಾರ್ಬೊರೇಟರ್ ತೊಳೆದು, "ಈಗ ನೋಡ್ರಿ ಸಾವ್ಕಾರ್ರೆ" ಎನ್ನುತ್ತಾನೆ. ಓಡುತ್ತದೆ, ನಿಜ. ಆದರೆ ಓಡಿಸಿದ್ದು ಪ್ಲಗ್ಗೋ, ಪ್ಲಗ್ ಬದಲಿಸಲು ಹಿಡಿದ ಅರ್ಧ ಗಂಟೆಯೋ?

ನಮ್ಮ ನ್ಯಾಯಶಾಸ್ತ್ರದವರು ಇಂಥದ್ದಕ್ಕೆ ಅನ್ಯಥಾಸಿದ್ಧ ಎಂದು ಹೆಸರಿಟ್ಟಿದ್ದರು. ಅವರ ಪ್ರಸಿದ್ಧ ಉದಾಹರಣೆ ಕುಂಬಾರನ ಕತ್ತೆ. ಮಣ್ಣು ಹೊತ್ತು ತಂದ ಕತ್ತೆ ಮಡಕೆ ಹುಟ್ಟುವ ಮುಂಚೆ ಅಲ್ಲೇ ಇತ್ತು. ಹಾಗೆಂದು ಅದು ಮಡಕೆಗೆ ಕಾರಣವಲ್ಲ, ಬೇರೆ ರೀತಿ ಮಣ್ಣು ಬಂದಿದ್ದರೂ ಮಡಕೆ ಆಗುತ್ತಿತ್ತು. ಮುಂಚೆ ಇದ್ದದ್ದೆಲ್ಲ ಕಾರಣವಲ್ಲ. ಅದಿದ್ದರೆ ಇದು ಇರಬೇಕು, ಅದಿಲ್ಲದಿದ್ದರೆ ಇದು ಇರಬಾರದು. ಅನ್ವಯ, ವ್ಯತಿರೇಕ. ಹೊಸ ಪ್ಲಗ್ ಒಂದು ಕತ್ತೆ. ಕೂಲಿಯವನೂ ಒಂದು ಕತ್ತೆಯೇ: ಎಂಜಿನ್ ನಿಂತಾಗಲೆಲ್ಲ ಅವನು ಅಲ್ಲಿದ್ದ, ಅಷ್ಟೇ. ಪ್ಲಗ್ಗಿಗೆ ಹೊಗಳಿಕೆ ಸಿಗುತ್ತದೆ, ಇವನಿಗೆ ಬೈಗುಳ.

ಆ ಎರಡು ನಿಮಿಷದಲ್ಲಿ ಏನಾಯಿತೆಂದು ಬಲ್ಲವನೂ ಇವನೊಬ್ಬನೇ. "ಇಪ್ಪತ್ ನಿಮಿಷ ಓಡ್ತೈತೆ, ಆಮ್ಯಾಕೆ ಕೆಮ್ಮಿ ನಿಂತೋಗ್ತೈತೆ. ಒಂದೀಟು ಬಿಟ್ರೆ ಮತ್ತೆ ಹತ್ಕಂತೈತೆ ಕಣಣ್ಣ" ಎಂದು ಅವನು ಹೇಳುವ ಮಾತಿನಲ್ಲಿ ಅರ್ಧ ರೋಗನಿರ್ಣಯವೇ ಇದೆ. ಕೆಮ್ಮಿ ನಿಂತರೆ ಪೆಟ್ರೋಲಿನ ಕಡೆಗೆ, ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತರೆ ಕಿಡಿಯ ಕಡೆಗೆ ಅನುಮಾನ ಹೋಗಬೇಕು. ಆದರೆ ಅಂಗಡಿಗೆ ಬರುವುದು ಮಾಲೀಕರು. ಮಾತಾಡುವುದೂ ಅವರೇ.

ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಯಾರ ಮಾತನ್ನು ಪ್ರಮಾಣವೆಂದು ಒಪ್ಪಬೇಕು ಎಂಬುದಕ್ಕೆ ಕೊಡುವ ಲಕ್ಷಣ ನನಗೆ ಇಲ್ಲಿ ಬಹಳ ಮುಖ್ಯವೆನಿಸುತ್ತದೆ. ವಿಷಯವನ್ನು ನೇರವಾಗಿ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆನ್ನುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸೇರಿಸುತ್ತಾನೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವೂ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ಸಿಗುತ್ತದೆ ಎನ್ನುತ್ತದೆ. ಅದು ಧರ್ಮದ ಮಾತು, ಸಾಕ್ಷ್ಯದ ಮಾತಲ್ಲ. ಅದನ್ನು ತೋಟಕ್ಕೆ ನಾನೇ ಎಳೆದು ತರುತ್ತಿದ್ದೇನೆ. ಆದರೂ ಆ ಬಂಡೆಯಿಂದ ಈ ತೋಟಗಳು ಏನೂ ದೂರವಿಲ್ಲ.

ಮೆಕ್ಯಾನಿಕ್ ಪರವಾಗಿಯೂ ಒಂದು ಮಾತಿದೆ. ಅವನ ಅಂಗಡಿ ಮುಂದೆ ಹತ್ತು ಯಂತ್ರ ಸಾಲಾಗಿ ಕೂತಿವೆ. ಒಂದೊಂದನ್ನೇ ಬದಲಿಸಿ, ಓಡಿಸಿ, ಕಾದು ನೋಡಲು ಅವನಿಗೆ ಹೊತ್ತಿಲ್ಲ. ಎಲ್ಲ ಒಟ್ಟಿಗೆ ಬದಲಿಸುವುದು ಲೆಕ್ಕದಲ್ಲಿ ಅಗ್ಗವಾಗಬಹುದು. ಮಳೆಮೋಡ ಕವಿದು ಕಾಯಿಗೆ ಚುಕ್ಕಿ ರೋಗದ ಭಯ ಇರುವಾಗ ರೈತನಿಗೂ ಬೇಕಾದದ್ದು ಓಡುವ ಯಂತ್ರ, ತರ್ಕವಲ್ಲ. ಇದನ್ನು ನಾನು ಒಪ್ಪುತ್ತೇನೆ. ಕಾರಣ ತಿಳಿಯದೆ ರಿಪೇರಿ ಮಾಡಬಹುದು. ಕಾರಣ ತಿಳಿಯದೆ ಒಬ್ಬನನ್ನು ದೂರುವುದು ಬೇರೆ ಕೆಲಸ. ಅದಕ್ಕೆ ಹೊತ್ತಿಲ್ಲ ಎಂಬ ನೆಪ ಸಲ್ಲುವುದಿಲ್ಲ. ಬಿಡಿಭಾಗಕ್ಕೆ ಕೊಟ್ಟ ದುಡ್ಡಿಗೆ ಬಿಲ್ ಇರುತ್ತದೆ. "ಅವನ ಕೈಗೆ ಯಂತ್ರ ಕೊಡಬೇಡ" ಎಂಬ ಮಾತಿಗೆ ಬಿಲ್ ಇಲ್ಲ, ಅದು ಊರಲ್ಲಿ ಹಾಗೇ ಓಡಾಡಿಕೊಂಡಿರುತ್ತದೆ.

ಕಡೆಗೊಂದು ದಿನ ಯಾರೋ ಮುಚ್ಚಳ ತಿರುಗಿಸುತ್ತಾರೆ, ಸ್ಸ್ ಎನ್ನುತ್ತದೆ, ಸೂಜಿ ತೂರಿಸಿ ತೂತು ಬಿಡಿಸುತ್ತಾರೆ. ಖರ್ಚು ಸೊನ್ನೆ. ಎಲ್ಲರೂ ನಗುತ್ತಾರೆ, ಇಷ್ಟೇನಾ ಎಂದು. ಔಷಧಿ ಹೊಡೆದು ಮುಗಿಯಲಿಲ್ಲವೆಂದು ಹೋದ ವಾರ ಮುರಿದುಕೊಂಡ ಅರ್ಧ ದಿನದ ಕೂಲಿಯ ವಿಷಯವನ್ನು ಆಗ ಯಾರು ಎತ್ತಬೇಕು? ಅವನೇ ಎತ್ತಬೇಕೆಂದು ನಾವು ಕಾಯುತ್ತೇವೆಯೆ?