ಸಹಿಯಿಲ್ಲದ ಮಾತು ಯಾರದು?

ಮಾತಿಗೆ ಒಬ್ಬ ಒಡೆಯ ಇರಲೇಬೇಕೆ? ಒಡೆಯನಿಲ್ಲದ ಮಾತಿನಿಂದ ಒಳಿತಾದರೆ ಪುಣ್ಯ ಯಾರಿಗೆ, ಕೆಡುಕಾದರೆ ಪಾಪ ಯಾರಿಗೆ? ಪ್ರಶ್ನೆ ಹಳೆಯದು. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಅದು ಪಂಡಿತರ ಮೇಜಿನಿಂದ ಇಳಿದು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಚಹಾದಂಗಡಿಗಳಲ್ಲಿ, ಕಬ್ಬಿನ ಹೊಲಗಳಲ್ಲಿ, ಅಡುಗೆಮನೆಗಳಲ್ಲಿ ಬಂದು ಕೂತಿದೆ. ಅಂಗೈಯಲ್ಲಿ ಫೋನು ಇರುವ ಪ್ರತಿಯೊಬ್ಬರೂ ದಿನಕ್ಕೆ ಹತ್ತು ಸಲ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇವೆ, ಉತ್ತರ ಕೊಡುತ್ತಿದ್ದೇವೆಂಬ ಅರಿವೇ ಇಲ್ಲದೆ.

ಊರ ಕಟ್ಟೆಯ ಮೇಲೆ ಕೂತು ಮಾತಾಡುವವನಿಗೆ ಒಂದು ಅಂಕೆ ಇತ್ತು. ಇವತ್ತು ಒಬ್ಬನ ಮೇಲೆ ಸುಳ್ಳು ಹೇಳಿದರೆ ನಾಳೆ ಸಂತೆಯಲ್ಲಿ ಅವನನ್ನೇ ಎದುರುಗೊಳ್ಳಬೇಕು. ಅವನ ಮಗಳ ಮದುವೆಯಲ್ಲಿ ಉಣ್ಣಬೇಕು, ಅವನ ಅಪ್ಪನ ಮಣ್ಣಿಗೆ ಹೆಗಲು ಕೊಡಬೇಕು. ಹಾಗಂತ ಕಟ್ಟೆಯ ಮೇಲೆ ಸತ್ಯವೇ ಮನೆಮಾಡಿತ್ತು ಎಂದಲ್ಲ. ಚಾಡಿ ಇತ್ತು, ಜಾತಿಯ ಸೊಕ್ಕು ಇತ್ತು, ಹೆಂಗಸರ ಬಗ್ಗೆ ಹಗುರ ಮಾತಿತ್ತು. ಆ ಕಟ್ಟೆಯ ಮೇಲೆ ಎಲ್ಲರಿಗೂ ಜಾಗವೂ ಇರಲಿಲ್ಲ. ಆದರೂ ಆಡಿದ ಮಾತು ಯಾರದೆಂದು ಊರಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದುದರಿಂದಲೇ ಜಗಳಕ್ಕೆ ಒಂದು ಕೊನೆಯೂ ಇರುತ್ತಿತ್ತು.

ಕನ್ನಡ ಕಂಪ್ಯೂಟರಿಗೆ ಹತ್ತಿದ ಕಾಲವನ್ನು ನಮ್ಮ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಯೂನಿಕೋಡ್ ನೆಲೆಯೂರಿದ ಮೇಲೆ, ಒಂದು ಯಂತ್ರದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಚೌಕಟ್ಟುಗಳ ಸಾಲಾಗಿ ಕಾಣುವ ಪೀಡೆ ತಪ್ಪಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ಶುರುವಾದವು. ಜಿ.ಎನ್. ಮೋಹನ್ ಅವರ ‘ಅವಧಿ’, ಕಥೆಗಾರ ಅಬ್ದುಲ್ ರಶೀದ್ ಸಂಪಾದಿಸಿದ ‘ಕೆಂಡಸಂಪಿಗೆ’ ಬಂದವು. ನೂರಾರು ಮಂದಿ ತಮ್ಮದೇ ಬ್ಲಾಗುಗಳನ್ನು ತೆರೆದು ಬರೆಯತೊಡಗಿದರು.

ಇದರ ಬೆಲೆ ಏನೆಂದು ತಿಳಿಯಬೇಕಾದರೆ ಗಡಿಯಲ್ಲಿ ಇರಬೇಕು. ನಿಪ್ಪಾಣಿಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರ, ಕೊಲ್ಲಾಪುರ ಒಂದು ಗಂಟೆಯ ದಾರಿ. ಕಾಗವಾಡದವರಿಗೆ ದವಾಖಾನೆ ಎಂದರೆ ಮೀರಜ. ಮನೆಯಲ್ಲಿ ದಖನಿ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ಬಲದಿಂದ ಎಡಕ್ಕೆ ಉರ್ದುವನ್ನೂ ಎಡದಿಂದ ಬಲಕ್ಕೆ ಕನ್ನಡವನ್ನೂ ಬರೆಯಲು ಕಲಿತ ನಮ್ಮಂಥವರು, ಬರೆದದ್ದನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಅಂಥ ನಮಗೆ ಮಸ್ಕತ್ತಿನಿಂದಲೋ ಮಂಗಳೂರಿನಿಂದಲೋ, ಮುಖ ಕಾಣದ ಓದುಗನೊಬ್ಬ ಅದೇ ದಿನ ‘ನಿಮ್ಮ ಕತೆಯ ಮುದುಕಿ ನಮ್ಮ ಅಜ್ಜಿಯ ಹಾಗೇ ಇದ್ದಾಳೆ’ ಎಂದು ಬರೆದರೆ ಅದು ಸಣ್ಣ ಸಂಗತಿಯೆ? ಅಲ್ಲಿ ಸ್ನೇಹಗಳು ಬೆಳೆದವು. ಕಾಯಿಲೆ ಬಿದ್ದಾಗ ವಿಚಾರಿಸಿದವರಿದ್ದರು, ಪುಸ್ತಕ ಕಳಿಸಿದವರಿದ್ದರು. ಒಬ್ಬರನ್ನೊಬ್ಬರು ಎಂದೂ ನೋಡಿರದ ಮನುಷ್ಯರು ನೆರೆಹೊರೆಯಾಗಬಲ್ಲರು ಎಂಬುದು ನಮಗೆ ಅಲ್ಲಿ ತಿಳಿಯಿತು. ಆದ್ದರಿಂದ ‘ಮುಖ ಕಾಣದ ಸಂಬಂಧವೆಲ್ಲ ಸುಳ್ಳು’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಆ ಬರಹಗಾರರಲ್ಲಿ ಅನೇಕರು ಅಡ್ಡಹೆಸರು ಇಟ್ಟುಕೊಂಡಿದ್ದರು. ಇದೂ ನಮಗೆ ಹೊಸದಲ್ಲ. ವಚನಕಾರರು ತಮ್ಮ ಹೆಸರನ್ನು ಬದಿಗಿಟ್ಟು ಅಂಕಿತದಲ್ಲಿ ಮಾತಾಡಿದರು. ಉರ್ದು ಕವಿಗಳು ತಖಲ್ಲುಸ್ ಇಟ್ಟುಕೊಂಡರು. ಮಿರ್ಜಾ ಅಸದುಲ್ಲಾ ಖಾನ್ ಮೊದಲು ‘ಅಸದ್’ ಎಂದು ಬರೆದು ಆಮೇಲೆ ‘ಗಾಲಿಬ್’ ಆದರು. ಆದರೆ ಅಂಕಿತವೂ ತಖಲ್ಲುಸ್ಸೂ ಮುಚ್ಚಿಕೊಳ್ಳುವ ಪರದೆಯಲ್ಲ. ‘ಕೂಡಲಸಂಗಮದೇವ’ ಎಂದು ಕೇಳಿದೊಡನೆ ಬಸವಣ್ಣನ ಮಾತೆಂದು ತಿಳಿಯುತ್ತದೆ. ಆ ಹೆಸರಿನ ಮೇಲೆ ವರ್ಷಗಳ ಮಾತು ಕೂಡುತ್ತಾ ಹೋಗುತ್ತದೆ, ಮಾತಿನ ಜೊತೆ ಋಣವೂ ಕೂಡುತ್ತದೆ. ನಿನ್ನೆ ಹೇಳಿದ್ದಕ್ಕೆ ಇವತ್ತು ಉತ್ತರ ಕೊಡಬೇಕಾಗುತ್ತದೆ. ಮುಖವಾಡ ಹಾಗಲ್ಲ. ಅದನ್ನು ಬೆಳಿಗ್ಗೆ ತೊಟ್ಟು ಒಬ್ಬರನ್ನು ಬೈದು ಸಂಜೆ ಕಿತ್ತೆಸೆಯಬಹುದು, ಮರುದಿನ ಹೊಸದೊಂದನ್ನು ಕೊಳ್ಳಬಹುದು. ಅಡ್ಡಹೆಸರಿಗೆ ಮಾನವಿದೆ, ಮುಖವಾಡಕ್ಕೆ ಮಾನವಿಲ್ಲ. ವ್ಯತ್ಯಾಸ ಇರುವುದು ನಿಜ ಹೆಸರೋ ಸುಳ್ಳು ಹೆಸರೋ ಎಂಬುದರಲ್ಲಿ ಅಲ್ಲ, ಉತ್ತರ ಕೊಡಲು ಅಲ್ಲಿ ಯಾರಾದರೂ ಉಳಿದಿದ್ದಾರೋ ಇಲ್ಲವೋ ಎಂಬುದರಲ್ಲಿ.

‘ಎಲ್ಲರೂ ನಿಜ ಹೆಸರಲ್ಲೇ ಬರೆಯಲಿ, ಎಲ್ಲ ಸರಿಹೋಗುತ್ತದೆ’ ಎಂದು ಕೆಲವರು ಹೇಳುತ್ತಾರೆ. ಹೇಳುವುದು ಸುಲಭ. ಹೆಸರಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿದಾಗ ಅವರ ಕತೆಯನ್ನು ‘ಯುಗಾಂತರ್’ ಎಂಬ ಮಹಿಳೆಯರ ಬಳಗ 1982ರಲ್ಲಿ ಸಾಕ್ಷ್ಯಚಿತ್ರವಾಗಿ ತೆಗೆಯಿತು. ಆ ಹೆಂಗಸರು ಮುಖ ತೋರಿಸಿ ಮಾತಾಡಿದರು. ದಿನಗೂಲಿಯ ಮೇಲೆ ಬದುಕುವವರಿಗೆ ಮುಖ ತೋರಿಸುವುದೆಂದರೆ ನಾಳೆಯ ಕೂಲಿಯನ್ನೇ ಪಣಕ್ಕಿಡುವುದು. ನಮ್ಮ ಬಾನು ಮುಷ್ತಾಕ್, ಹೆಣ್ಣುಮಕ್ಕಳಿಗೆ ಮಸೀದಿಯಲ್ಲಿ ಪ್ರವೇಶದ ಹಕ್ಕಿದೆ ಎಂದು ತಮ್ಮ ಹೆಸರಿನಲ್ಲೇ ಹೇಳಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಬೆದರಿಕೆಯ ಫೋನುಗಳು ಬಂದವು. 2025ರಲ್ಲಿ ಅವರ ಕತೆಗಳ ದೀಪಾ ಭಾಸ್ತಿ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಹೆಸರು ನಡುವಿನ ಇಪ್ಪತ್ತೈದು ವರ್ಷಗಳಲ್ಲಿ ಏನೇನು ಹೊತ್ತಿತು ಎಂಬುದನ್ನೂ ಹೆಮ್ಮೆಯ ಜೊತೆಗೇ ನೆನೆಯಬೇಕು. ಅಷ್ಟು ಎದೆಗಾರಿಕೆಯನ್ನು ರಾಯಬಾಗದ ಹಳ್ಳಿಯೊಂದರ, ಈಗಷ್ಟೇ ಬರೆಯಲು ಕಲಿಯುತ್ತಿರುವ ಹುಡುಗಿಯಿಂದ ಕೇಳಲು ನಮಗೇನು ಹಕ್ಕು? ಅವಳು ಬೇರೆ ಹೆಸರಲ್ಲಿ ಬರೆಯಲಿ. ಬಲಹೀನರು ಬಲವಂತರ ಬಗ್ಗೆ ಮಾತಾಡಲು ಹೆಸರು ಮುಚ್ಚಿಕೊಂಡರೆ ಅದು ಆತ್ಮರಕ್ಷಣೆ. ಬಲವಂತರು ಬಲಹೀನರನ್ನು ಹೊಡೆಯಲು ಹೆಸರು ಮುಚ್ಚಿಕೊಂಡರೆ ಅದು ಹೇಡಿತನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬ್ಲಾಗುಗಳ ಕಾಲ ತಗ್ಗಿ ಫಾರ್ವರ್ಡುಗಳ ಕಾಲ ಬಂದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಬ್ಲಾಗಿನಲ್ಲಿ ಅಡ್ಡಹೆಸರಾದರೂ ಇತ್ತು. ಈಗ ಕೈಯಿಂದ ಕೈಗೆ ದಾಟುವ ಸಂದೇಶಕ್ಕೆ ಯಾವ ಹೆಸರೂ ಇಲ್ಲ. ಇಲ್ಲಿ ನಮಗೆ ಹದೀಸ್ ವಿದ್ವಾಂಸರು ನೆನಪಾಗುತ್ತಾರೆ. ಅವರ ‘ಇಸ್ನಾದ್’ ಎಂಬ ಪದ್ಧತಿಯಲ್ಲಿ ಮಾತಿಗಿಂತ ಮೊದಲು ಮಾತಿನ ವಂಶಾವಳಿ ಬರುತ್ತದೆ: ಇದನ್ನು ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು, ಅವರಿಗೆ ಇಂಥವರು. ಸರಪಳಿಯ ಒಂದೊಂದು ಕೊಂಡಿಯ ಮನುಷ್ಯನನ್ನೂ ಅವರು ಪರೀಕ್ಷಿಸಿದರು. ಅವನ ನೆನಪು ಎಂಥದು, ನಡತೆ ಎಂಥದು, ಯಾರಿಂದ ಕೇಳಿದೆ ಎನ್ನುತ್ತಾನೋ ಅವರ ಕಾಲದಲ್ಲಿ ಅವನು ಬದುಕಿದ್ದನೇ? ಈ ವಿಚಾರಣೆಯೇ ಒಂದು ಶಾಸ್ತ್ರವಾಗಿ ಬೆಳೆಯಿತು. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿಯವರ ಸಂಗ್ರಹಕ್ಕೆ ಇಂದಿಗೂ ಇರುವ ಗೌರವ ಈ ಜರಡಿಯಿಂದ ಬಂದದ್ದು. ಕೊಂಡಿ ದುರ್ಬಲವಾಗಿದ್ದರೆ ಎಷ್ಟೇ ಚೆಂದದ ಮಾತೂ ದುರ್ಬಲವೇ. ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವವರ ಫೋನುಗಳಲ್ಲಿ ಕೂಡ ಇಂದು ತಲೆಬುಡವಿಲ್ಲದ ಸಂದೇಶಗಳು ‘ಪುಣ್ಯಕ್ಕಾಗಿ ಹತ್ತು ಜನರಿಗೆ ಕಳಿಸಿ’ ಎಂಬ ಒಕ್ಕಣೆ ಹೊತ್ತು ತಿರುಗುತ್ತವೆ. ಇದು ಯಾವುದೋ ಒಂದು ಸಮುದಾಯದ ಕಾಯಿಲೆಯಲ್ಲ.

ಈ ಕಾಯಿಲೆ ಜೀವ ತೆಗೆಯುತ್ತದೆ ಎಂಬುದಕ್ಕೆ ಬೀದರ ಜಿಲ್ಲೆಯ ಮುರ್ಕಿ ಸಾಕ್ಷಿ. 2018ರ ಜುಲೈ 13ರಂದು ಹೈದರಾಬಾದಿನಿಂದ ತಿರುಗಾಟಕ್ಕೆ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಅವರ ಕಾರಿಗಿಂತ ವೇಗವಾಗಿ ವಾಟ್ಸಾಪಿನಲ್ಲಿ ಓಡಿತು. ಮುರ್ಕಿಯಲ್ಲಿ ಜನ ದಾರಿ ಕಟ್ಟಿದರು, ಹೊಡೆದರು. ಒಬ್ಬ ಯುವ ಇಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸಾಪ್ ಕಂಪನಿ ದಾಟಿಸಿದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಚೀಟಿ ಅಂಟಿಸತೊಡಗಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕುವುದಾಗಿಯೂ ಹೇಳಿತು. ಆ ಚೀಟಿ ಅರ್ಧ ಇಸ್ನಾದ್. ಮಾತು ಇವನದಲ್ಲ ಎಂದು ಹೇಳುತ್ತದೆ, ಯಾರದೆಂದು ಹೇಳುವುದಿಲ್ಲ.

ಒಡೆಯನಿಲ್ಲದ ಮಾತಿನ ನಿಜವಾದ ಅಪಾಯ ಇಲ್ಲಿದೆ: ಅದಕ್ಕೆ ಒಡೆಯ ಸಿಗದಿದ್ದರೆ ಜನ ಒಂದು ಇಡೀ ಸಮುದಾಯವನ್ನೇ ಒಡೆಯನನ್ನಾಗಿ ಮಾಡುತ್ತಾರೆ. 2012ರ ಆಗಸ್ಟಿನಲ್ಲಿ ರಂಜಾನ್ ಮುಗಿದ ಮೇಲೆ ದಾಳಿ ನಡೆಯುತ್ತದೆಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹದಿನೈದು ದಿನ ದೇಶದಲ್ಲೆಲ್ಲ ಸಗಟು ಎಸ್ಸೆಮ್ಮೆಸ್ಸಿಗೆ ತಡೆ ಬಿತ್ತು. ಆ ಸಂದೇಶಗಳಿಗೆ ಸಹಿ ಇರಲಿಲ್ಲ. ಅನುಮಾನ ಮಾತ್ರ ಪ್ರತಿ ಮುಸ್ಲಿಮನ ಮುಖದ ಮೇಲೆ ಸಹಿಯಾಗಿ ಬಿತ್ತು. ಓಡಿಹೋದವರೂ ಬಡ ದುಡಿಮೆಗಾರರು, ಅನುಮಾನ ಹೊತ್ತವರೂ ಅಂಥವರೇ.

ನಮಗೆ ಇನ್ನೂ ಹತ್ತಿರದ್ದು ಕೊಲ್ಲಾಪುರ. ಕೆಲವರು ಔರಂಗಜೇಬ ಮತ್ತು ಟಿಪ್ಪುವಿನ ಕುರಿತು ಫೋನಿನ ಸ್ಟೇಟಸ್ ಹಾಕಿದರೆಂದು 2023ರ ಜೂನ್ 7ರಂದು ಅಲ್ಲಿ ಬಂದ್ ನಡೆಯಿತು, ಕಲ್ಲು ತೂರಾಟವಾಯಿತು, ಪೊಲೀಸರು ಲಾಠಿ ಬೀಸಿದರು, ಇಂಟರ್‌ನೆಟ್ ನಿಂತಿತು. ಸ್ಟೇಟಸ್ ಹಾಕಿದವರು ಬೆರಳೆಣಿಕೆಯವರು. ಅವರು ಯಾರೆಂದೇ ಅರಿಯದವರೂ ಅಂಗಡಿಯ ಬಾಗಿಲು ಎಳೆದು ಮನೆಯಲ್ಲಿ ಕೂರಬೇಕಾಯಿತು. ಹೆದ್ದಾರಿಯ ಈಚೆ ನಿಪ್ಪಾಣಿಯಲ್ಲಿರುವ ನಮಗೆ ಕೊಲ್ಲಾಪುರದ ಗಾಳಿ ರಾಜ್ಯದ ಗಡಿ ನೋಡಿ ನಿಲ್ಲುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. ಹುಡುಗರಿಗೆ ನಾವು ಹೇಳುವುದು ಇಷ್ಟೇ: ನೀನು ಒತ್ತುವ ಗುಂಡಿಯ ಲೆಕ್ಕ ನಿನ್ನ ಹೆಸರಿಗೆ ಬರುವುದಿಲ್ಲ, ನಿನ್ನ ಓಣಿಯ ಹೆಸರಿಗೆ ಬರುತ್ತದೆ. ಓಣಿಯ ಹೆಸರು ಹಿಡಿದು ಲೆಕ್ಕ ಚುಕ್ತಾ ಮಾಡಲು ಬರುವವರಿಗೂ ಹೇಳಬೇಕಾದದ್ದಿದೆ: ಒಬ್ಬನ ಮಾತಿಗೆ ಸಾವಿರ ಜನರನ್ನು ಹೊಣೆ ಮಾಡುವವನು ತನ್ನ ಕೃತ್ಯಕ್ಕೂ ಗುಂಪಿನೊಳಗೆ ಮುಖ ಮರೆಸಿಕೊಂಡಿರುತ್ತಾನೆ. ಗುಂಪೂ ಒಂದು ಮುಖವಾಡವೇ.

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ’ ಎಂಬ ಸಮಜಾಯಿಷಿಯನ್ನು ನಾವು ದಿನಾ ಕೇಳುತ್ತೇವೆ. ಇಸ್ನಾದಿನ ನ್ಯಾಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ದಾಟಿಸಿದವನೂ ಕೊಂಡಿಯೇ. ಅವನ ವಿವೇಕವೂ ತೂಕಕ್ಕೆ ಬೀಳುತ್ತದೆ. ವಿಷದ ಬಾಟಲಿ ನಾನು ತಯಾರಿಸಲಿಲ್ಲ, ಕೈಯಿಂದ ಕೈಗೆ ಕೊಟ್ಟೆ ಎಂದರೆ ಯಾವ ಪಂಚಾಯತಿ ಒಪ್ಪೀತು?

ಹಾಗಾದರೆ ಮುಖ ಕಾಣದವರ ನಡುವೆ ಸಹವಾಸ ಸಾಧ್ಯವಾಗುವುದು ಹೇಗೆ? ಬೀಡಿ ಕಟ್ಟುವ ಊರಿನವರಾದ ನಮಗೆ ಒಂದು ದೂರದ ಉದಾಹರಣೆ ಇಷ್ಟ. ಕ್ಯೂಬಾದ ಹವಾನಾದಲ್ಲಿ 1865ರಿಂದ ಚುಟ್ಟಾ ಕಾರ್ಖಾನೆಗಳಲ್ಲಿ ಒಬ್ಬ ಓದುಗನನ್ನು ಇಟ್ಟುಕೊಳ್ಳುವ ರೂಢಿ ಬಂತು. ಕಾರ್ಮಿಕರು ಎಲೆ ಸುತ್ತುತ್ತಿದ್ದರೆ ಅವನು ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದುತ್ತಿದ್ದ. ಅವನ ಸಂಬಳ ಕಾರ್ಮಿಕರ ಕೂಲಿಯಿಂದಲೇ ಹೋಗುತ್ತಿತ್ತು. ಏನು ಓದಬೇಕೆಂಬುದರಲ್ಲಿ ಅವರ ಮಾತು ನಡೆಯುತ್ತಿತ್ತು. ಬರೆದವನು ಅವರಿಗೆ ಕಾಣುತ್ತಿರಲಿಲ್ಲ, ಎಷ್ಟೋ ಸಲ ಸತ್ತೇ ಹೋಗಿರುತ್ತಿದ್ದ. ಆದರೆ ಅವನ ಮಾತನ್ನು ದಾಟಿಸುವವನು ಎದುರಿಗಿದ್ದ. ತಾನು ದಾಟಿಸಿದ್ದಕ್ಕೆ ಅವನು ಕೇಳುವವರಿಗೆ ಬದ್ಧನಾಗಿದ್ದ. ಒಂದು ಸಮುದಾಯ ಆಗುವುದಕ್ಕೆ ಇಷ್ಟು ಸಾಕು. ಎಲ್ಲರ ಮುಖವೂ ಕಾಣಬೇಕಿಲ್ಲ, ‘ತಡಿ, ಅದೇನಂದೆ?’ ಎಂದು ಕೇಳಿದರೆ ನಿಲ್ಲುವವನೊಬ್ಬ ಬೇಕು.

ಇಂಥದ್ದು ನಮ್ಮಲ್ಲೂ ಆಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡದ ಹಳ್ಳಿಗಳು ನೀರಿಗೆ ಸಿಕ್ಕಾಗ ಇದೇ ಫೋನುಗಳು ದೋಣಿಯ, ಹಿಟ್ಟಿನ, ಔಷಧದ ಸುದ್ದಿ ಹೊತ್ತವು. ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಯಾವ ಸಂದೇಶ? ಕೆಳಗೆ ಒಂದು ಹೆಸರು, ಒಂದು ಊರು, ಕರೆದರೆ ಎತ್ತುವ ಒಂದು ನಂಬರು ಇರುವಂಥದ್ದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಲಾಪುರಿ ಚಪ್ಪಲಿಯಂಥದ್ದನ್ನೇ ಮೂಲ ಹೇಳದೆ ತೋರಿಸಿದಾಗ ಜಾಲದಲ್ಲಿ ಎದ್ದ ಕೂಗೇ ಅದನ್ನು ಒಪ್ಪಿಕೊಳ್ಳುವಂತೆ ಮಾಡಿತು. ಆ ಚಪ್ಪಲಿಯ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಅಥಣಿ, ನಿಪ್ಪಾಣಿಯ ಚಮ್ಮಾರರ ಬೆವರು ಅದರಲ್ಲಿದೆ. ಆ ಕೂಗಿನ ಹುರುಳೇನು? ಮಾಡಿದವರ ಹೆಸರು ಹೇಳಿ ಎಂಬುದೇ ಅಲ್ಲವೆ? ಚಪ್ಪಲಿಗೆ ಬೇಕಾದ ನ್ಯಾಯವೇ ಮಾತಿಗೂ ಬೇಕು.

ನಮ್ಮ ಭಾಗದ ಶಾಲೆಗಳಲ್ಲಿ, ಕನ್ನಡದ್ದಿರಲಿ, ಮರಾಠಿಯದಿರಲಿ, ಉರ್ದುವಿನದಿರಲಿ, ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸುತ್ತಾರೆ. ಯಾರಿಂದ, ಯಾರಿಗೆ, ಯಾವ ಊರು, ಯಾವ ತಾರೀಕು, ಕೊನೆಗೆ ಸಹಿ. ಅಂಚೆಯ ಪತ್ರ ಬರೆಯುವವರೇ ಇಲ್ಲವಾದ ಮೇಲೆ ಈ ಪಾಠ ಯಾಕೆ ಎಂದು ಕೇಳುವವರಿದ್ದಾರೆ. ಇಂದಿನ ಮಕ್ಕಳಿಗೆ ಅದಕ್ಕಿಂತ ತುರ್ತಿನ ಪಾಠ ಬೇರೆ ಇಲ್ಲ. ಪರೀಕ್ಷೆಯಲ್ಲಿ ಅದಕ್ಕಿರುವ ಐದು ಅಂಕವನ್ನು ಹತ್ತು ಮಾಡಿದರೂ ನಾವು ಬೇಡವೆನ್ನುವುದಿಲ್ಲ.